ಶಾಕಪ್ ಬಿಚ್ಚಿದ ರವಿವಾರ

ಕೆಂಭಾವಿ ಕಡೆ ಮಳೆಗಾಲದಲ್ಲಿ ಸೈಕಲ್ ತುಳಿದವರಿಗೆ ಎರೆಮಣ್ಣಿನ ಗುಣ ಹೇಳಬೇಕಿಲ್ಲ. ಹಸಿ ಇದ್ದಾಗ ಗಾಲಿ ತಿರುಗಗೊಡುವುದಿಲ್ಲ, ಒಣಗಿದರೆ ಸಿಮೆಂಟ್. ನಮ್ಮ ಕಾಕಾನ ಮಗನ ಗೇರ್ ಸೈಕಲ್ಲಿನ ಮುಂದಿನ ಶಾಕಪ್ ಹೀಗೇ ಹಿಡಿದುಕೊಂಡಿತ್ತು. ಕುಣಿಯಲ್ಲಿ ಬಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಹುಡುಗ ಹೊಲದ ಮನೆಯಿಂದ ಕಾಲುವೆ ದಂಡೆಗುಂಟ ಕಾಲೇಜಿಗೆ ಬರುವುದು ಅದರ ಮೇಲೆಯೇ. ಆ ಹೊತ್ತಿಗೆ ಬಸ್ಸಿಲ್ಲ.

ಸೈಕಲ್ ಅಂಗಡಿಯಲ್ಲಿ, "ಇದು ರಿಪೇರಿ ಆಗಂಗಿಲ್ರಿ, ಪೂರಾ ಫೋರ್ಕ್ ಬದಲ್ ಮಾಡ್ಬೇಕು" ಅಂದರು. ಕಾಕಾ ಅದಕ್ಕಿಂತ ಅಗ್ಗದ ದಾರಿ ಹುಡುಕಿದ್ದರು: "ಎರಡೂ ಕಡೆ ವೆಲ್ಡಿಂಗ್ ಹೊಡಿಸಿಬಿಡ್ರಪಾ, ಆಡೋದ ಬಂದ್ ಆಗ್ತದ."

ನಾವು ಬೇಡ ಅಂದೆವು. ಶಾಕಪ್ಪಿನ ಒಳಕೊಳವೆ ತೆಳುವಾದ ಉಕ್ಕಿನದು. ಬೆಸುಗೆಯ ಕಾವಿಗೆ ಅದರ ಪಕ್ಕದ ಜಾಗ ಬಲ ಕಳೆದುಕೊಳ್ಳುತ್ತದೆ. ಹಿಂದಿನ ಗಾಲಿ ಮುರಿದರೆ ಸೈಕಲ್ ನಿಲ್ಲುತ್ತದೆ. ಮುಂದಿನ ಫೋರ್ಕ್ ಮುರಿದರೆ ಹುಡುಗ ಮುಖ ಅಡಿಯಾಗಿ ಬೀಳುತ್ತಾನೆ. ಕಾಕಾ ಸುಮ್ಮನಾದರು, ಒಪ್ಪಿದರು ಅಂತಲ್ಲ.

ರವಿವಾರ ಅಂಗಳದಲ್ಲಿ ಗಾಲಿ ತೆಗೆದು, ಬ್ರೇಕ್ ವೈರ್ ಕಳಚಿ, ಕಾಲುಗಳ ತಳದ ಎರಡು ಬೋಲ್ಟ್‌ಗಳನ್ನು ಅಲೆನ್ ಕೀಯಿಂದ ಬಿಚ್ಚಿದೆವು. ಕೆಳಭಾಗ ಎಳೆದಾಗ ಬಂದದ್ದು ಒಂದು ಮುಷ್ಟಿ ಕೆಸರು. ಸ್ಪ್ರಿಂಗ್‌ಗಳಿಗೆ ತುಕ್ಕು ಹಿಡಿದಿತ್ತು, ಮುರಿದಿರಲಿಲ್ಲ. ತಳದಲ್ಲಿ ಪೆಟ್ಟು ತಡೆಯುವ ರಬ್ಬರ್ ಗುಂಡು ಮಾತ್ರ ಪುಡಿಪುಡಿ. ಅಂಗಡಿಯವರು ಬದಲಿಸಬೇಕೆಂದ ಫೋರ್ಕಿನಲ್ಲಿ ಕೆಟ್ಟದ್ದು ಅಷ್ಟೇ!

1990ರ ದಶಕದಲ್ಲಿ ಅಮೆರಿಕದ ಹಲವು ಮೌಂಟನ್ ಬೈಕ್‌ಗಳ ಶಾಕಪ್ಪಿನಲ್ಲಿ ಸ್ಪ್ರಿಂಗ್ ಬದಲು ರಬ್ಬರಿನಂಥ ತುಂಡುಗಳನ್ನೇ ಪೇರಿಸುತ್ತಿದ್ದರು. ನಮಗೆ ಸಿಕ್ಕದ್ದು ಟ್ರ್ಯಾಕ್ಟರಿನ ಹಳೇ ಟ್ಯೂಬ್. ಕೊಳವೆಯ ಅಳತೆಗೆ ಬಿಲ್ಲೆಗಳನ್ನು ಕತ್ತರಿಸಿ, ನಡುವೆ ತೂತು ಮಾಡಿ, ಒಂದರ ಮೇಲೊಂದು ಇಟ್ಟೆವು. ಎರಡೂ ಕಾಲಿಗೆ ಲೆಕ್ಕ ಸಮ ಇರಬೇಕು, ಇಲ್ಲದಿದ್ದರೆ ಒಂದೇ ಕಡೆ ಭಾರ ಬೀಳುತ್ತದೆ. ಉಳಿದದ್ದೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆವು. ಸವೆದ ಪ್ಲಾಸ್ಟಿಕ್ ಬುಶ್ ಹಿಂದೆ ನೀರಿನ ಬಾಟಲಿಯಿಂದ ಕತ್ತರಿಸಿದ ಪಟ್ಟಿ ತುರುಕಿದಾಗ ಅಲುಗಾಟ ಬಹುಪಾಲು ನಿಂತಿತು. ಗ್ರೀಸ್ ತೆಳುವಾಗಿ ಸವರಿದೆವು; ಟ್ರ್ಯಾಕ್ಟರ್ ಗ್ರೀಸ್ ರಬ್ಬರನ್ನು ಉಬ್ಬಿಸಬಹುದು, ಬಿಲ್ಲೆಗಳಿಗೆ ತಾಗಿಸಲಿಲ್ಲ.

ನಿಜ ಹೇಳಬೇಕೆಂದರೆ ಅಗ್ಗದ ಸೈಕಲ್ಲಿಗೆ ಶಾಕಪ್ ಅರ್ಧ ಶೋಕಿ. 2006-07ರಿಂದ ಎಂಟನೇ ತರಗತಿಗೆ ಸರ್ಕಾರ ಕೊಟ್ಟ ಸೈಕಲ್ಲಿಗೆ ಅದೇ ಇಲ್ಲ, ಆದರೂ ಎಷ್ಟೋ ಮನೆಗಳಲ್ಲಿ ಹಾಲಿನ ಕ್ಯಾನು ಹೊರುತ್ತ ಓಡುತ್ತಿವೆ.

ಜೋಡಿಸಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿ ನೋಡಿದೆವು. ಹ್ಯಾಂಡಲ್ ಕೆಳಗಿನ ಬುಡವನ್ನು ಬಟ್ಟೆಯಿಂದ ಒರೆಸಿ ಬಿರುಕು ಹುಡುಕಿದೆವು. ಕಂಡಿದ್ದರೆ ಸೈಕಲ್ ಅಲ್ಲೇ ನಿಲ್ಲಿಸುತ್ತಿದ್ದೆವು. ಕಾಕಾ ತಾವೇ ಹತ್ತಿ ಅಂಗಳದಲ್ಲಿ ಎರಡು ಸುತ್ತು ಹೊಡೆದು, "ಮಗ ಮಳ್ಯಾಗ ಹೋದ್ರ ಮತ್ತ ಕೆಸರು ಸೇರ್ತದಲ್ಲ?" ಅಂದರು. ಅದಕ್ಕೆಂದೇ ಮೋಟರ್ ಸೈಕಲ್ ಟ್ಯೂಬಿನ ತುಂಡನ್ನು ಕೊಳವೆಗೆ ತೊಡಿಸಿದ್ದೆವು. ಮೇಲೆ ಬಿಗಿಯಾಗಿ ಕಟ್ಟಿದ್ದೇವೆ, ನೀರು ಇಳಿದುಹೋಗಲಿ ಅಂತ ಕೆಳಗೆ ಸಡಿಲ ಬಿಟ್ಟಿದ್ದೇವೆ.