ಕತ್ತಲೆಯಲ್ಲಿ ಚಾಚಿದ ಕೈ

ಕಳೆದ ಮಳೆಗಾಲದ ಒಂದು ರಾತ್ರಿ ವಿದ್ಯುತ್ತು ಹೋಗಿತ್ತು. ಹಾಸಿಗೆಯ ಪಕ್ಕದ ತಂಬಿಗೆಗೆ ಕೈ ಚಾಚಿದೆ. ಬೆರಳು ತಾಗಿ ಅದು ಉರುಳಿತು. ಮಠದಲ್ಲಿ ಓದುತ್ತಿದ್ದಾಗ ನಸುಕಿನ ಕತ್ತಲಲ್ಲಿಯೂ ಬಾವಿಯ ಹಗ್ಗವನ್ನು ತಪ್ಪದೆ ಹಿಡಿಯುತ್ತಿದ್ದ ಕೈ ಇದು. ಮನಸ್ಸು ಅಳುಕಿತು. ಬೆಳಗ್ಗೆ ಅದೇ ಕೈ ಅದೇ ತಂಬಿಗೆಯನ್ನು ಸಲೀಸಾಗಿ ಎತ್ತಿತು. ಹಾಗಾದರೆ ಕೊರತೆ ಕೈಯ ಬಲದ್ದಲ್ಲ.

ಕೈ ಚಾಚುವಾಗ ಮೆದುಳು ಎರಡು ಸಾಕ್ಷಿಗಳನ್ನು ಕೇಳುತ್ತದೆ. ವಸ್ತುವೂ ಕೈಯೂ ಎಲ್ಲಿವೆಯೆಂದು ಕಣ್ಣು ಹೇಳುತ್ತದೆ. ತೋಳಿನ ನೆಲೆಯನ್ನು ಸ್ನಾಯು, ಕೀಲುಗಳೊಳಗಿನ ನರಗಳು ತಿಳಿಸುತ್ತವೆ. ಹೆಚ್ಚು ನಂಬಲರ್ಹವಾದ ಸಾಕ್ಷಿಗೆ ಹೆಚ್ಚು ತೂಕವಿತ್ತು ಮೆದುಳು ಒಂದೇ ತೀರ್ಮಾನಕ್ಕೆ ಬರುತ್ತದೆ. ಕತ್ತಲಲ್ಲಿ ನೆನಪು ಮತ್ತು ಆ ಒಳ ಅರಿವೇ ಆಸರೆ. ವಯಸ್ಸಾದಂತೆ ಅದೂ ಮಂದವಾಗುತ್ತದೆ.

ಆ ಅರಿವೇ ಅಳಿದರೆ? ಬ್ರಿಟನ್ನಿನ ಇಯಾನ್ ವಾಟರ್‌ಮನ್ ಎಂಬ ತರುಣನಿಗೆ 1971ರಲ್ಲಿ, 19ನೆಯ ವಯಸ್ಸಿನಲ್ಲಿ, ಜ್ವರವೊಂದರ ಬೆನ್ನಿಗೆ ಹಾಗೆಯೇ ಆಯಿತು. ಸ್ನಾಯುಗಳಲ್ಲಿ ಶಕ್ತಿಯಿತ್ತು, ಕುತ್ತಿಗೆಯ ಕೆಳಗೆ ಯಾವ ಅಂಗ ಎಲ್ಲಿದೆಯೆಂಬುದೇ ತಿಳಿಯದು. ವೈದ್ಯ ಜೊನಾಥನ್ ಕೋಲ್ ಅವರ 1991ರ ಗ್ರಂಥ ಈತನ ಕಥೆ ಹೇಳುತ್ತದೆ. ಕಣ್ಣಿಟ್ಟು ನೋಡುತ್ತ ಆತ ಒಂದೊಂದು ಚಲನೆಯನ್ನೂ ಹೊಸದಾಗಿ ಕಲಿತನು, ಎದ್ದು ನಡೆದನು, ದುಡಿದನು. ಆದರೆ ದೀಪ ಆರಿದರೆ ನಿಂತಲ್ಲಿಯೇ ಕುಸಿಯುತ್ತಿದ್ದನು.

ಈಗ ನಾನು ತಂಬಿಗೆಯನ್ನು ದಿನವೂ ಒಂದೇ ಎಡೆಯಲ್ಲಿಟ್ಟು, ಒಮ್ಮೆ ಮುಟ್ಟಿ ನೋಡಿ, ಆಮೇಲೆ ದೀಪ ಆರಿಸುತ್ತೇನೆ. ಬಂಧುಗಳೇ, ಮನೆಯ ಹಿರಿಯರ ಕೈಯಿಂದ ಲೋಟ ಜಾರಿದರೆ ಗದರಬೇಡಿ. ಮೊದಲು ದೀಪ ಹಚ್ಚಿರಿ.