ಲೂಪಿನಲ್ಲಿ ನಿಂತ ಗಾಡಿ

ನಂಜನಗೂಡಿನ ತೇರಿನ ಬೀದಿಗೆ ಸಮೀಪದ ಒಂದು ಮನೆಯಲ್ಲಿ ಬೆಳಗಿನ ಕಾಫಿಯಾದ ಮೇಲೆ ಇಬ್ಬರು ಕಾಯುತ್ತ ಕುಳಿತಿರುವುದು ವಾಡಿಕೆಯಾಗಿತ್ತು. ತಂದೆ ನಿವೃತ್ತ ಸ್ಟೇಷನ್ ಮಾಸ್ತರರು. ಅವರು ಕಾಯುತ್ತಿದ್ದುದು ವೃತ್ತಪತ್ರಿಕೆಯನ್ನು. ಮಗಳು ಮೈಸೂರಿನ ಒಂದು ಸಂಸ್ಥೆಗೆ ಮನೆಯಿಂದಲೇ ಕಂಪ್ಯೂಟರಿನ ಕ್ರಮವಿಧಿಗಳನ್ನು ಬರೆಯುವವಳು. ಅವಳು ಕಾಯುತ್ತಿದ್ದುದು ಪರದೆಯ ಮೇಲೆ ಮೂಡಬೇಕಾದ ಒಂದು ಹಸಿರು ಗುರುತನ್ನು. ಪತ್ರಿಕೆಯು 7 ಗಂಟೆಯೊಳಗೆ ಬಂದುಬಿಡುತ್ತಿತ್ತು. ಹಸಿರು ಗುರುತಿಗೆ 40 ನಿಮಿಷ ಹಿಡಿಯುತ್ತಿತ್ತು. ಅದೂ ದಿನಕ್ಕೊಮ್ಮೆಯಲ್ಲ, ಒಂದು ಸಾಲನ್ನು ತಿದ್ದಿದಾಗಲೆಲ್ಲ.

ಈ ಗುರುತಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ಮಂದಿ ಸೇರಿ ಒಂದೇ ಕ್ರಮವಿಧಿಯನ್ನು ಬರೆಯುವಾಗ, ಒಬ್ಬರು ಬರೆದುದು ಇನ್ನೊಬ್ಬರದರೊಡನೆ ಹೊಂದುವುದೋ ಇಲ್ಲವೋ ಎಂಬುದನ್ನು ತಿಂಗಳ ಕೊನೆಗೆ ನೋಡಹೊರಟರೆ ಕಲಹವೇ ಫಲ. ಆದುದರಿಂದ ಪ್ರತಿಯೊಂದು ತಿದ್ದುಪಾಟನ್ನೂ ಅಂದಂದೇ ಮೂಲದಲ್ಲಿ ಸೇರಿಸಿ, ಸೇರಿಸಿದೊಡನೆ ಯಂತ್ರವೇ ಎಲ್ಲವನ್ನೂ ಕಟ್ಟಿ ಪರೀಕ್ಷಿಸುವ ಪದ್ಧತಿಯು ಹುಟ್ಟಿತು. ಇದಕ್ಕೆ ಕಂಟಿನ್ಯುಯಸ್ ಇಂಟಿಗ್ರೇಷನ್ ಎಂದು ಹೆಸರು. ಹೀಗೆ ಕಟ್ಟಿ ನೋಡುವ ಒಂದೊಂದು ಸರದಿಯೂ ಒಂದು ಬಿಲ್ಡು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೆಂಟ್ ಬೆಕ್ ಮೊದಲಾದವರು ಇದನ್ನು ಪ್ರಚಾರಕ್ಕೆ ತಂದರು. ಬಿಲ್ಡು 10 ನಿಮಿಷವನ್ನು ಮೀರಬಾರದೆಂಬುದು ಅವರ ಪಂಥದ ನಿಯಮ. ಜಪಾನಿನ ಕೊಹ್ಸುಕೆ ಕವಾಗುಚಿಯವರು 2004ರಲ್ಲಿ ಹಡ್ಸನ್ ಎಂಬ ಹೆಸರಿನಿಂದ ಆರಂಭಿಸಿದ ಸಾಧನವೊಂದು 2011ರಲ್ಲಿ ಜೆಂಕಿನ್ಸ್ ಎಂಬ ಹೆಸರನ್ನು ಪಡೆದು, ಅನೇಕ ಸಂಸ್ಥೆಗಳಲ್ಲಿ ಈ ಊಳಿಗವನ್ನು ನಡೆಸುತ್ತಿದೆ. ಮಗಳ ಸಂಸ್ಥೆಯಲ್ಲಿಯೂ ಅದೇ ಇದ್ದಿತು.

ಆ ಸಂಸ್ಥೆಯು ಹಾಲಿನ ಸಹಕಾರ ಸಂಘಗಳ ಬಟವಾಡೆಯ ಲೆಕ್ಕಕ್ಕೆ ಬೇಕಾದ ಕ್ರಮವಿಧಿಯನ್ನು ಒದಗಿಸುತ್ತಿತ್ತು. ಹಾಲಿನ ದರವು ಜಿಡ್ಡಿನ ಅಂಶದ ಮೇಲೂ ಜಿಡ್ಡಲ್ಲದ ಘನಾಂಶದ ಮೇಲೂ ನಿಂತಿರುವುದಷ್ಟೆ. ಲೆಕ್ಕದಲ್ಲಿ ಪೈಸೆಯ ವ್ಯತ್ಯಾಸವೂ ಆಗದಿರಲೆಂದು ಒಂದು ಪರೀಕ್ಷೆಯನ್ನಿಟ್ಟಿದ್ದರು: ಅದು ಹಿಂದಿನ ಇಡೀ ವರ್ಷದ ಲೆಕ್ಕವನ್ನು ಹೊಸದಾಗಿ ಹಾಕಿ ಹಳೆಯ ಮೊತ್ತಗಳೊಡನೆ ತಾಳೆ ನೋಡುತ್ತಿತ್ತು. ಅದೊಂದಕ್ಕೇ 20 ನಿಮಿಷ; ಉಳಿದ ಎಲ್ಲಕ್ಕೂ ಸೇರಿ ಮತ್ತೆ 20.

ಎರಡನ್ನೂ ಒಂದಾದ ಮೇಲೊಂದರಂತೆ ಏಕೆ ಮಾಡಬೇಕೆಂದು ಅವಳಿಗೆ ತೋರಿತು. ಆಜ್ಞೆಯ ಸಾಲಿನ ತುದಿಯಲ್ಲಿ ಒಂದು ಚಿಹ್ನೆಯನ್ನಿಟ್ಟರೆ ಸಾಕು, ಆ ಕೆಲಸವು ಹಿನ್ನೆಲೆಗೆ ಸರಿದು ಮುಂದಿನವಕ್ಕೆ ದಾರಿ ಬಿಡುತ್ತದೆ. ಮೊದಲು ಹಾಗೆಯೇ ಬಿಟ್ಟು ನೋಡಿದಳು. ಬಿಲ್ಡು ಮುಗಿದೊಡನೆ ಜೆಂಕಿನ್ಸು ಹಿಂದುಳಿದ ಕೆಲಸವನ್ನು ಹುಡುಕಿ ಕೊಂದುಹಾಕಿತು. ಅದು ಅದರ ಸ್ವಭಾವ. ಕೊನೆಯಲ್ಲಿ 'ವೇಟ್', ಅಂದರೆ ಕಾದಿರು, ಎಂಬ ಆಜ್ಞೆಯನ್ನು ಸೇರಿಸಿದಳು. ಆಗ ಎರಡು ಕೆಲಸಗಳೂ ಒಂದೇ ಯಂತ್ರದ ಬಲಕ್ಕೆ ಕಿತ್ತಾಡಿ, ಮುಂದಿನದೂ ನಿಧಾನವಾಯಿತು. 'ನೈಸ್' ಎಂಬ ಆಜ್ಞೆಯಿಂದ ಹಿನ್ನೆಲೆಯದರ ಆದ್ಯತೆಯನ್ನು ತಗ್ಗಿಸಿದಳು. ದೊಡ್ಡ ಒಲೆಯ ಪಕ್ಕದ ಚಿಕ್ಕ ಒಲೆಯಂತೆ ಅದು ಮಿಕ್ಕ ಕಾವಿನಲ್ಲಿ ಬೇಯತೊಡಗಿತು. ಬಿಲ್ಡು 40ರಿಂದ 24 ನಿಮಿಷಕ್ಕಿಳಿಯಿತು. ಜೊತೆಯವರು ಹೊಗಳಿದರು. ದಿನವೂ ಹಸಿರು ಗುರುತು ಮೂಡುತ್ತಿತ್ತು.

ಕೆಲವು ವಾರಗಳ ಮೇಲೆ ಮಾಸ್ತರರ ತಂಗಿ ಬಸ್ಸಿನಲ್ಲಿ ಬಂದರು. ಅವರ ಊರು ತಿರುಮಕೂಡಲು ನರಸೀಪುರದ ಆಚೆ, ಕಪಿಲೆಯು ಕಾವೇರಿಯನ್ನು ಕೂಡಿದ ಮೇಲೆ ಸಿಕ್ಕುವ ಒಂದು ಹಳ್ಳಿ. ಗಂಡನಿಲ್ಲದ ಮನೆ, ಎರಡು ಹಸುಗಳ ಹಾಲೇ ಕೈಗಾಸು. ಊಟವಾದ ಮೇಲೆ ಸಂಘದ ಪುಸ್ತಕವನ್ನು ಚೀಲದಿಂದ ತೆಗೆದು ಸೊಸೆಯ ಮುಂದಿಟ್ಟು, "ನೀನು ಲೆಕ್ಕ ಬಲ್ಲವಳು, ನೋಡು ಮಗು. ಹಸು ಅದೇ, ಮೇವು ಅದೇ. ದುಡ್ಡು ಮಾತ್ರ ಕಡಮೆಯಾಗಿದೆ. ಕೇಳಿದರೆ, ಕಂಪ್ಯೂಟರ್ ಹಾಕಿದ ಲೆಕ್ಕ, ತಪ್ಪುವುದಿಲ್ಲ ಅನ್ನುತ್ತಾರೆ" ಎಂದರು.

ಹುಡುಗಿ ಪುಸ್ತಕವನ್ನು ನೋಡಿದಳು. ಸಂಜೆಯ ಹಾಲಿನಲ್ಲಿ ಮಾತ್ರ ಜಿಡ್ಡಿನ ದಶಮಾಂಶವು ಬಿದ್ದುಹೋಗಿ, 4.3 ಇದ್ದುದಕ್ಕೆ 4ರ ದರವು ಬಿದ್ದಿತ್ತು. ಅವಳ ಮುಖವು ಬಾಡಿತು. ಅತ್ತೆಗೆ ಕಾರಣ ತಿಳಿಯಲಿಲ್ಲ.

ಆ ರಾತ್ರಿ ಹಳೆಯ ದಾಖಲೆಗಳನ್ನೆಲ್ಲ ತೆರೆದಳು. ನಿಧಾನದ ಪರೀಕ್ಷೆಯು ಈ ತಪ್ಪನ್ನು ಮೊದಲನೆಯ ದಿನವೇ ಹಿಡಿದು, ತಾನು ಸೋತೆನೆಂದು ಬರೆದಿಟ್ಟಿತ್ತು. 17 ದಿನ ಹಾಗೆಯೇ ಬರೆದಿತ್ತು. 'ವೇಟ್' ಎಂದು ಬರಿದೇ ಹೇಳಿದರೆ ಅದು ಎಲ್ಲರಿಗಾಗಿಯೂ ಕಾಯುವುದು ದಿಟ, ಆದರೆ ಯಾರು ಗೆದ್ದರು ಯಾರು ಸೋತರು ಎಂದು ಕೇಳುವುದಿಲ್ಲ. ಕಾದುದೇ ಯಶಸ್ಸೆಂದು ಸೊನ್ನೆಯನ್ನು ಹಿಂದಿರುಗಿಸುತ್ತದೆ. ಸೊನ್ನೆಯೆಂದರೆ ಆ ಲೋಕದಲ್ಲಿ ಕ್ಷೇಮ. ಹಿನ್ನೆಲೆಗೆ ಕಳುಹುವಾಗ ದೊರೆತ ಕ್ರಮಾಂಕವನ್ನು ಬರೆದಿಟ್ಟುಕೊಂಡು, ಆ ಕ್ರಮಾಂಕವನ್ನೇ ಹಿಡಿದು ಕಾದರೆ ಮಾತ್ರ ಅದರ ಸೋಲು ಕೈಗೆ ಬರುತ್ತದೆ. ಇದು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಇದೆ. ಕೈಪಿಡಿಯನ್ನು ಓದುವವರು ಎಲ್ಲ ಕಾಲದಲ್ಲಿಯೂ ವಿರಳ.

ಬೆಳಿಗ್ಗೆ ಮಾಸ್ತರರಿಗೆ ವಿಷಯವನ್ನು ತಿಳಿಸಿದಳು. ಅವರು ಮೈಸೂರು–ಚಾಮರಾಜನಗರದ ಒಂಟಿ ಹಳಿಯು ಮೀಟರ್ ಗೇಜಾಗಿದ್ದ ಕಾಲದಲ್ಲಿ ದುಡಿದವರು. ಕನ್ನಡಕವನ್ನು ತೆಗೆದು, "ಬಂತೇ ಎಂದು ಮಾತ್ರ ಕೇಳಿದೆ, ಯಾವ ನಂಬರು ಎಂದು ಕೇಳಲಿಲ್ಲ, ಅಲ್ಲವೆ?" ಎಂದರು. ತುಸು ತಡೆದು, "ಗೂಡ್ಸನ್ನು ಲೂಪಿಗೆ ಹಾಕಿ ಪ್ಯಾಸೆಂಜರನ್ನು ಬಿಡುವುದು ಯಾರಿಗೂ ಬರುತ್ತದಮ್ಮ. ಲೂಪಿನಲ್ಲಿ ಗಾಡಿ ನಿಂತಿದ್ದರೆ ಅದರ ಲಿವರಿಗೆ ಒಂದು ಬಳೆ ತೊಡಿಸಿಡುತ್ತಿದ್ದೆವು. ಗಾಡಿ ಕಿಟಕಿಯಿಂದ ಕಾಣುತ್ತಿದ್ದರೂ ತೊಡಿಸುತ್ತಿದ್ದೆವು" ಎಂದರು.

ತಪ್ಪು ತನ್ನದೆಂದು ಅವಳೇ ಸಂಸ್ಥೆಗೆ ಬರೆದಳು. ಅದು ಸುಲಭವಾಗಿರಲಿಲ್ಲ, ಹೊಗಳಿದವರೇ ಓದತಕ್ಕ ಕಾಗದವದು. ಬಳಿಕ ವ್ಯವಸ್ಥೆಯನ್ನು ಬದಲಿಸಿದಳು. ವರ್ಷದ ತಾಳೆಯು ಬಿಲ್ಡಿನಿಂದ ಪೂರ್ತಿಯಾಗಿ ಹೊರಬಿದ್ದು, ರಾತ್ರಿಯಲ್ಲಿ ಬೇರೊಂದು ಯಂತ್ರದ ಮೇಲೆ ನಡೆಯುವಂತಾಯಿತು. ಬಿಲ್ಡಿಗೆ ಈಗ ಅದರ ಹಂಗಿಲ್ಲ. ಆದರೆ ಸಂಘಗಳಿಗೆ ಹೊಸ ಕ್ರಮವಿಧಿಯನ್ನು ಕಳುಹಬೇಕಾದರೆ, ಕಳುಹುವ ಅದೇ ಪ್ರತಿಯು ತಾಳೆಯಲ್ಲಿ ಗೆದ್ದಿರಬೇಕು. ಫಲವನ್ನು ನೋಡುವವರ ಸರದಿಯನ್ನೂ ಹೆಸರು ಹಾಕಿ ಗೊತ್ತುಮಾಡಿದರು. ಮೊದಲ ರಾತ್ರಿ 12 ಗಂಟೆಗೆಂದು ಇಟ್ಟ ಕೆಲಸವು ಬೆಳಿಗ್ಗೆ 5.30ಕ್ಕೆ ಎದ್ದಿತು: ಯಂತ್ರದ ಗಡಿಯಾರವು ಗ್ರೀನಿಚ್ಚಿನ ವೇಳೆಯದು! 18.30 ಎಂದು ತಿದ್ದಿದ ಮೇಲೆ ಅದು ಈ ಊರಿನ ನಡುರಾತ್ರಿಯನ್ನು ಒಪ್ಪಿಕೊಂಡಿತು.

ಮುಂದಿನ ಬಟವಾಡೆಯಲ್ಲಿ ಹಿಂದಿನ ಬಾಕಿಯೂ ಸೇರಿ ಬಂತು. ಅತ್ತೆ ಫೋನು ಮಾಡಿ, ಸಂಘದವರನ್ನು ಗದರಿಸಿದ್ದಕ್ಕೆ ಕೆಲಸವಾಯಿತೆಂದು ಸಂತೋಷಪಟ್ಟರು. ಅವರ ಸಂತೋಷಕ್ಕೆ ಯಾರೂ ಭಂಗ ತರಲಿಲ್ಲ.

ಈಗ ಮಾಸ್ತರರು ಪತ್ರಿಕೆ ಬರುವುದಕ್ಕೂ ಮೊದಲೇ, "ರಾತ್ರಿಯ ಗೂಡ್ಸು ಬಂತೇನಮ್ಮ?" ಎಂದು ಕೇಳುತ್ತಾರೆ. ಅವಳು ಪರದೆಯನ್ನು ನೋಡಿ ನಂಬರನ್ನು ಓದುತ್ತಾಳೆ.