ಕಟ್ಟಿದವರೇ ಎದುರು ನಿಂತಾಗ

ಪ್ರೋಗ್ರಾಮಿಂಗ್ ಭಾಷೆ ಕಟ್ಟಿ ಹೆಸರು ಮಾಡಿದವರು ಹಲವರಿದ್ದಾರೆ. ಆ ಹೆಸರಿಗೆ ಸಂದ ದೊಡ್ಡ ಪ್ರಶಸ್ತಿಯನ್ನು ಸ್ವೀಕರಿಸುವ ವೇದಿಕೆಯ ಮೇಲೆಯೇ, ತಾವು ಹಾಕಿದ ದಾರಿ ಸರಿಯಿಲ್ಲ ಎಂದು ವಾದಿಸಿದವರು ಜಾನ್ ಬ್ಯಾಕಸ್.

1924ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಬ್ಯಾಕಸ್‌ಗೆ ಓದು ಹತ್ತಲೇ ಇಲ್ಲ. ಶಾಲೆಯಲ್ಲಿ ಫೇಲಾಗಿ ಬೇಸಿಗೆ ರಜೆಯಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗ ಅವರು. ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರೂ ತರಗತಿಗೆ ಹೋಗದೆ ಹೊರಬಿದ್ದರು. ಸೈನ್ಯಕ್ಕೆ ಸೇರಿದಾಗ ಅವರನ್ನು ವೈದ್ಯಕೀಯ ಓದಿಗೆ ಕಳಿಸಿದರು, ಅದೂ ಹಿಡಿಸಲಿಲ್ಲ. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನಲ್ಲಿ ರೇಡಿಯೋ ರಿಪೇರಿ ಕಲಿಯುವಾಗ ಗಣಿತದ ರುಚಿ ಹತ್ತಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದರು. 1950ರಲ್ಲಿ ಮ್ಯಾಡಿಸನ್ ಅವೆನ್ಯೂದ ಐಬಿಎಂ ಕಚೇರಿಯಲ್ಲಿದ್ದ ದೈತ್ಯ ಗಣಕವನ್ನು ನೋಡಲು ಹೋದವರು, ಕೆಲಸವಿದೆಯೇ ಎಂದು ವಿಚಾರಿಸಿ ಅಲ್ಲಿಯೇ ನೌಕರಿ ಹಿಡಿದರು.

ಆಗ ಪ್ರೋಗ್ರಾಂ ಬರೆಯುವುದೆಂದರೆ ಯಂತ್ರದ ಚಾಕರಿ ಮಾಡಿದಂತೆ. ಎರಡು ಸಂಖ್ಯೆ ಕೂಡಿಸಬೇಕಾದರೂ ಮೊದಲನೆಯದು ಮೆಮೊರಿಯ ಯಾವ ಮನೆಯಲ್ಲಿದೆ, ಎರಡನೆಯದನ್ನು ಎಲ್ಲಿಂದ ತರಬೇಕು, ಉತ್ತರವನ್ನು ಎಲ್ಲಿಡಬೇಕು ಎಂದು ಒಂದೊಂದಾಗಿ ಹೇಳಬೇಕಿತ್ತು. ಹೀಗೆ ಬರೆಯುವವರ ಸಂಬಳವೇ ಯಂತ್ರದ ಖರ್ಚಿಗೆ ಸಮನಾಗುತ್ತಿತ್ತು. ಯಂತ್ರದ ಸಮಯದಲ್ಲೂ ಕಾಲುಭಾಗದಿಂದ ಅರ್ಧದವರೆಗೆ ತಪ್ಪು ಹುಡುಕುವುದರಲ್ಲೇ ಕಳೆಯುತ್ತಿತ್ತು. ಗಣಿತದ ಸೂತ್ರವನ್ನು ಹೆಚ್ಚುಕಡಿಮೆ ಪುಸ್ತಕದಲ್ಲಿರುವಂತೆಯೇ ಬರೆದರೆ ಯಂತ್ರವೇ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಳ್ಳಲಿ ಎಂದು 1953ರ ಕೊನೆಯಲ್ಲಿ ಬ್ಯಾಕಸ್ ತಮ್ಮ ಮೇಲಧಿಕಾರಿಗೆ ಬರೆದರು. ಫೋರ್ಟ್ರಾನ್ ಹುಟ್ಟಿದ್ದು ಆ ಪತ್ರದಿಂದ.

ಬಲ್ಲವರು ನಂಬಲಿಲ್ಲ. ಪಳಗಿದ ಕೈ ಬರೆದಷ್ಟು ಚುರುಕಾದ ಪ್ರೋಗ್ರಾಮನ್ನು ಯಂತ್ರ ಬರೆಯಲಾರದು ಎಂಬುದು ಅವರ ವಾದ. ಆ ಕಾಲದ ಪ್ರೋಗ್ರಾಮರ್‌ಗಳನ್ನು ಬ್ಯಾಕಸ್ ಮುಂದೆ ಪುರೋಹಿತ ವರ್ಗಕ್ಕೆ ಹೋಲಿಸಿದ್ದುಂಟು: ಮಂತ್ರ ಗೊತ್ತಿದ್ದವರು ಅವರು ಮಾತ್ರ. ಹಾಗಾಗಿ ತಂಡದ ಶ್ರಮವೆಲ್ಲ ಭಾಷೆಗಿಂತ ಅನುವಾದಕಕ್ಕೇ, ಅಂದರೆ ಕಂಪೈಲರಿಗೇ ಹೋಯಿತು. ವಾಸರ್ ಕಾಲೇಜಿನಿಂದ ಆಗಷ್ಟೇ ಹೊರಬಂದಿದ್ದ ಲೋಯಿಸ್ ಹೈಬ್ಟ್, ಪ್ರೋಗ್ರಾಮಿನ ಯಾವ ಭಾಗ ಎಷ್ಟು ಸಲ ಓಡುತ್ತದೆಂದು ಅಂದಾಜಿಸುವ ಭಾಗವನ್ನು ಬರೆದರು. ಹಗಲು ಹತ್ತಿರದ ಹೋಟೆಲಿನಲ್ಲಿ ನಿದ್ದೆ, ರಾತ್ರಿಯಿಡೀ ಯಂತ್ರದ ಮುಂದೆ ಕೆಲಸ. ಯಾವಾಗ ಕೇಳಿದರೂ ಇನ್ನಾರು ತಿಂಗಳು ಎನ್ನುತ್ತ ಮೂರು ವರ್ಷ ಕಳೆಯಿತು.

1957ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್ ಬಳಿಯ ವೆಸ್ಟಿಂಗ್‌ಹೌಸ್ ಪ್ರಯೋಗಾಲಯಕ್ಕೆ ಸುಮಾರು 2,000 ಕಾರ್ಡುಗಳ ಒಂದು ಪೆಟ್ಟಿಗೆ ಬಂತು. ಬಳಸುವ ವಿಧಾನದ ಚೀಟಿಯೂ ಜೊತೆಗಿರಲಿಲ್ಲ. ಫೋರ್ಟ್ರಾನ್ ಕಂಪೈಲರ್ ಇರಬೇಕೆಂದು ಊಹಿಸಿ ಅವರು ಓಡಿಸಿಯೇಬಿಟ್ಟರು. ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದು ಯಂತ್ರ ತಿಳಿಸಿತು. ಅದನ್ನು ತಿದ್ದಿದ ಮೇಲೆ ಪುಟಗಟ್ಟಲೆ ಉತ್ತರ ಅಚ್ಚಾಗಿ ಬಂತು. ಪುರೋಹಿತರ ಕಾಲ ಮುಗಿಯುತ್ತ ಬಂದಿತ್ತು.

ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಬಂದಾಗ, ದೇಶದ ಬೇರೆ ಬೇರೆ ಕಡೆಯಿಂದ ಬಂದ ಮೇಷ್ಟ್ರುಗಳೂ ಎಂಜಿನಿಯರುಗಳೂ ಅಲ್ಲಿ ಕಲಿತದ್ದು ಇದೇ ಫೋರ್ಟ್ರಾನ್. ಭಾರತದ ಮಟ್ಟಿಗೆ ಇನ್ನೊಂದು ನಂಟೂ ಇದೆ. ಭಾಷೆಯ ವ್ಯಾಕರಣವನ್ನು ನಿಯಮಗಳಾಗಿ ಬರೆಯುವ ಕ್ರಮವೊಂದನ್ನು ಬ್ಯಾಕಸ್ 1959ರಲ್ಲಿ ಮುಂದಿಟ್ಟರು. ಪೀಟರ್ ನೌರ್ ಅದನ್ನು ತಿದ್ದಿ ಬಳಸಿದ್ದರಿಂದ ಅದಕ್ಕೆ ಇಬ್ಬರ ಹೆಸರೂ ಬಂತು. ಪಾಣಿನಿ ಇಂಥದ್ದನ್ನು ಎಷ್ಟೋ ಶತಮಾನ ಮೊದಲೇ ಮಾಡಿದ್ದಾನೆ, ಅವನ ಹೆಸರನ್ನೂ ಸೇರಿಸೋಣ ಎಂದು 1967ರಲ್ಲಿ ಒಬ್ಬ ಅಮೆರಿಕನ್ ವಿದ್ವಾಂಸರು ಸೂಚಿಸಿದ್ದರು.

ಇಷ್ಟೆಲ್ಲ ಆದ ಮೇಲೆ, 1977ರಲ್ಲಿ, ಟ್ಯೂರಿಂಗ್ ಪ್ರಶಸ್ತಿಯ ಭಾಷಣ. ಪ್ರೋಗ್ರಾಮಿಂಗ್ ಭಾಷೆಗಳು ದಪ್ಪವಾಗುತ್ತಿವೆ, ಬಲವಾಗುತ್ತಿಲ್ಲ ಎಂಬುದು ಬ್ಯಾಕಸ್ ದೂರು. ಕಿರಾಣಿ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಪಟ್ಟಿಯಲ್ಲಿ ದರ, ಇನ್ನೊಂದರಲ್ಲಿ ಪ್ರಮಾಣ. ಫೋರ್ಟ್ರಾನ್ ರೀತಿಯಲ್ಲಿ ಮೊತ್ತವನ್ನು ಸೊನ್ನೆಯಿಂದ ಆರಂಭಿಸಿ, ಒಂದೊಂದೇ ಸಾಲನ್ನು ತಂದು, ಗುಣಿಸಿ, ಕೂಡಿಸಿ, ಇಟ್ಟು, ಮುಂದಿನ ಸಾಲಿಗೆ ಹೋಗಬೇಕು. ಎರಡೂ ಪಟ್ಟಿಗಳನ್ನು ಜೋಡಿಸು, ಜೋಡಿಗಳನ್ನು ಗುಣಿಸು, ಎಲ್ಲವನ್ನೂ ಕೂಡು ಎಂದು ಒಂದೇ ಉಸಿರಿಗೆ ಯಾಕೆ ಹೇಳಬಾರದು? ಮೆಮೊರಿಗೂ ಲೆಕ್ಕ ಮಾಡುವ ಭಾಗಕ್ಕೂ ನಡುವಿನ ಕಿರಿದಾದ ಹಾದಿಯಲ್ಲಿ ಒಂದೊಂದೇ ಸಂಖ್ಯೆ ಓಡಾಡುವುದು ಯಂತ್ರದ ಪಾಡು. ಅದೇ ನಮ್ಮ ಯೋಚನೆಯ ರೀತಿಯೂ ಆಗಿಬಿಟ್ಟಿದೆ ಎಂಬುದು ಅವರ ಚಿಂತೆ.

ಮುಂದೆ 1991ರಲ್ಲಿ ನಿವೃತ್ತರಾಗುವವರೆಗೂ ಬ್ಯಾಕಸ್ ಆ ಬೇರೆ ದಾರಿಯಲ್ಲೇ ದುಡಿದರು. ಅವರು ಕಟ್ಟಿದ ಹೊಸ ಭಾಷೆಯನ್ನು ಜನ ಕೈಗೆತ್ತಿಕೊಳ್ಳಲಿಲ್ಲ. ಆದರೆ ಆ ಭಾಷಣ ಬೇರೆಯವರಿಗೆ ಹುರುಪು ಕೊಟ್ಟಿತು. ಇಂದು ಬಳಕೆಯಲ್ಲಿರುವ ಅನೇಕ ಭಾಷೆಗಳಲ್ಲಿ ಪಟ್ಟಿಯೊಂದನ್ನು ಇಡಿಯಾಗಿ ಹಿಡಿದು ಕೆಲಸ ಮಾಡುವುದು ಮಾಮೂಲಿಯಾಗಿದೆ. ಇತ್ತ ಫೋರ್ಟ್ರಾನ್ ಕೂಡ ಸತ್ತಿಲ್ಲ. ಹವಾಮಾನದ ಮುನ್ಸೂಚನೆ ಲೆಕ್ಕ ಹಾಕುವ ದೊಡ್ಡ ಗಣಕಗಳಲ್ಲಿ ಅದು ಈಗಲೂ ಓಡುತ್ತಿದೆ.

ಒಮ್ಮೆ ಗೆದ್ದವರು ಆ ಗೆಲುವನ್ನು ಕಾಯುತ್ತ ಕೂರುವುದು ಲೋಕರೂಢಿ. 2007ರಲ್ಲಿ ತೀರಿಕೊಂಡ ಬ್ಯಾಕಸ್ ಹಾಗೆ ಕೂರಲಿಲ್ಲ. ಪುರೋಹಿತರ ಕೈಯಿಂದ ಯಂತ್ರವನ್ನು ಬಿಡಿಸಿದ ಮೇಲೆ, ಯಂತ್ರದ ಕೈಯಿಂದ ಯೋಚನೆಯನ್ನು ಬಿಡಿಸುವುದು ಇನ್ನೂ ಬಾಕಿಯಿದೆ ಎಂದು ಅವರಿಗೆ ಅನ್ನಿಸಿತ್ತು.